ಕಾಂಡಕೋಶ ಕಸಿಗೆ ಹೊರಟವರಿಗೆ

ಕಸಿ ಎಂದರೆ ದೊಡ್ಡ ಆಪರೇಷನ್ ಎಂದೇ ಹೆಚ್ಚಿನವರ ಎಣಿಕೆ. ಕತ್ತರಿಯೂ ಇಲ್ಲ, ಹೊಲಿಗೆಯೂ ಇಲ್ಲ. ಲ್ಯುಕೀಮಿಯಾ ಎಂಬ ರಕ್ತದ ಕ್ಯಾನ್ಸರ್ ಬಂದಿದ್ದ ನನಗೆ ತಂಗಿ ಕೊಟ್ಟ ಕಾಂಡಕೋಶಗಳ, ಅಂದರೆ ರಕ್ತಕಣಗಳನ್ನು ಹುಟ್ಟಿಸುವ ಮೂಲ ಕೋಶಗಳ, ಚೀಲವನ್ನು ಕಂಬಕ್ಕೆ ತೂಗುಹಾಕಿದರು. ರಕ್ತ ಕೊಡುವ ಹಾಗೆಯೇ ಅದು ಎದೆಯಲ್ಲಿದ್ದ ಕೊಳವೆಯೊಳಗೆ ಇಳಿಯಿತು. ಅರ್ಧದಲ್ಲೇ ನನಗೆ ನಿದ್ದೆ. ಹೆದರಿ ಹೆದರಿ ಆ ದಿನಕ್ಕಾಗಿ ಶಕ್ತಿ ಕಳೆದುಕೊಳ್ಳಬೇಡಿ, ನಿಜವಾದ ಕೆಲಸವಿರುವುದು ಅದರ ಹಿಂದೆ ಮುಂದೆ.

ದಾಖಲಾಗುವ ಮೊದಲು ಹಲ್ಲಿನ ವೈದ್ಯರನ್ನು ಕಂಡುಬನ್ನಿ. ಹುಳುಕು ಹಲ್ಲು ಈಗ ಸಣ್ಣ ಕಿರಿಕಿರಿ. ಕಸಿಗೆ ಮೊದಲು ಕೊಡುವ ಕೀಮೋದಿಂದ ಬಿಳಿ ರಕ್ತಕಣಗಳೇ ಇಲ್ಲದಾಗ ಸೋಂಕಿಗೆ ಅದೇ ದಾರಿ. ಮುಂದೆ ಮಕ್ಕಳು ಬೇಕೆನ್ನುವವರು ವೀರ್ಯವನ್ನೋ ಅಂಡಾಣುವನ್ನೋ ಶೇಖರಿಸಿಡುವ ಮಾತನ್ನು ಸಂಕೋಚ ಬಿಟ್ಟು ತಾವೇ ಎತ್ತಬೇಕು. ಒಡಹುಟ್ಟಿದ ಒಬ್ಬೊಬ್ಬರ ಕೋಶವೂ ಪೂರ್ತಿ ಹೊಂದುವ ಸಾಧ್ಯತೆ ಶೇಕಡ 25 ಮಾತ್ರ, ಹೊಂದದಿದ್ದರೆ ಅದು ಯಾರ ತಪ್ಪೂ ಅಲ್ಲ. ಅರ್ಧ ಹೊಂದುವ ದಾನಿಯಿಂದಲೂ ಈಗ ಕಸಿ ನಡೆಯುತ್ತದೆ.

ಇನ್ನು ಬಾಯಿ. ಭಾರೀ ಪ್ರಮಾಣದ ಕೀಮೋ ನಾಲಿಗೆ, ಕೆನ್ನೆಯ ಒಳಬದಿ, ಗಂಟಲನ್ನೆಲ್ಲ ಸುಲಿದುಬಿಡುತ್ತದೆ. ನನಗೆ ಒಂದು ಹಂತದಲ್ಲಿ ಉಗುಳು ನುಂಗುವುದಕ್ಕೂ ಧೈರ್ಯ ಬೇಕಾಗುತ್ತಿತ್ತು. ಮೆಲ್ಫಲಾನ್ ಎಂಬ ಕೀಮೋ ಔಷಧಿ ಕೊಡುವುದಿದ್ದರೆ, ಅದು ಹರಿಯುವ ಹೊತ್ತಿನಲ್ಲಿ ಮಂಜುಗಡ್ಡೆಯ ಚೂರು ಚೀಪಬಹುದೇ ಎಂದು ಮುಂಚಿತವಾಗಿ ಕೇಳಿ. ತಣುಪಿಗೆ ರಕ್ತನಾಳಗಳು ಕುಗ್ಗುವುದರಿಂದ ಬಾಯಿಯ ಒಳಚರ್ಮಕ್ಕೆ ತಲುಪುವ ಔಷಧಿ ಕಡಿಮೆಯಾಗುತ್ತದೆ. ಹುಣ್ಣು ಏಳುವ ಮೊದಲೇ, ವೈದ್ಯರು ಹೇಳಿದ ದ್ರಾವಣದಲ್ಲಿ ಬಾಯಿ ಮುಕ್ಕಳಿಸುವ ಅಭ್ಯಾಸ ಶುರುವಾಗಲಿ. ನೋವಿನ ಔಷಧಿ ಬೇಡವೆಂದು ಹಲ್ಲು ಕಚ್ಚಿ ಕೂರುವವರಿದ್ದಾರೆ; ಆ ಶೌರ್ಯದಿಂದ ಪ್ರಯೋಜನವಿಲ್ಲ. ನೋವು ತಗ್ಗಿದರೆ ತಾನೇ ಮುಕ್ಕಳಿಸಲು, ನಾಲ್ಕು ಗುಟುಕು ಕುಡಿಯಲು ಆಗುವುದು?

ಮೈ 38 ಡಿಗ್ರಿ ಸೆಲ್ಸಿಯಸ್ ದಾಟಿದರೆ, ಸ್ವಲ್ಪ ಚಳಿ ಬಂದರೂ, ಕೂಡಲೇ ಹೇಳಿ. ಜ್ವರದ ಮಾತ್ರೆಯನ್ನು ತಾವಾಗಿ ನುಂಗಿದರೆ ಸೋಂಕಿನ ಗುರುತೇ ಅಳಿಸಿಹೋಗುತ್ತದೆ. ಸಾಮಾನ್ಯವಾಗಿ ನ್ಯೂಟ್ರೋಫಿಲ್ ಎಂಬ ಬಿಳಿ ರಕ್ತಕಣಗಳ ಸಂಖ್ಯೆ ಸತತ ಮೂರು ದಿನ 500ರ ಮೇಲೆ ನಿಂತಾಗ ಹೊಸ ಕೋಶಗಳು ಬೇರೂರಿದವೆಂದು ಲೆಕ್ಕ. ಅಲ್ಲಿಯವರೆಗೆ ಪಕ್ಕದ ಕೋಣೆಯವರ ಅಂಕಿಗಳನ್ನು ವಿಚಾರಿಸಲು ಹೋಗಬೇಡಿ. ಸ್ವಂತ ಕೋಶದ ಕಸಿಗೂ ದಾನಿಯ ಕಸಿಗೂ ವೇಗವೇ ಬೇರೆ.

ಮನೆಗೆ ಬಂದ ಮೇಲೆ ಮಾತ್ರೆಗಳ ಆಳ್ವಿಕೆ. ರೋಗನಿರೋಧಕ ಶಕ್ತಿಯನ್ನು ತಗ್ಗಿಸಿಡುವ ಟ್ಯಾಕ್ರೊಲಿಮಸ್ ಅಥವಾ ಸೈಕ್ಲೋಸ್ಪೋರಿನ್ ಮಟ್ಟ ನೋಡಲು ರಕ್ತ ಕೊಡುವ ಬೆಳಿಗ್ಗೆ ಆ ಮಾತ್ರೆಯನ್ನು ಜೇಬಿನಲ್ಲಿಟ್ಟುಕೊಂಡು ಹೋಗಿ, ರಕ್ತ ತೆಗೆದ ನಂತರ ನುಂಗಿ. ಮೊದಲೇ ನುಂಗಿದರೆ ಅಂಕಿ ಸುಳ್ಳು ಹೇಳುತ್ತದೆ. ದ್ರಾಕ್ಷಿಹಣ್ಣಲ್ಲ, ಕಿತ್ತಳೆ ಜಾತಿಯ ಗ್ರೇಪ್‌ಫ್ರೂಟ್ ಮತ್ತು ಚಕ್ಕೋತ ಈ ಔಷಧಿಗಳ ಮಟ್ಟವನ್ನು ಏರಿಸುತ್ತವೆ, ಅವು ಬೇಡ.

ಸ್ನಾನದ ನಂತರ ಬೆಳಕಿನಲ್ಲಿ ಅಂಗೈ, ಅಂಗಾಲು, ಕಿವಿಯ ಹಿಂಭಾಗ ನೋಡಿಕೊಳ್ಳುವ ರೂಢಿ ನನ್ನದು. ದಾನಿಯ ಕೋಶಗಳು ನಮ್ಮ ದೇಹದ ಮೇಲೆ ತಿರುಗಿಬಿದ್ದರೆ ಮೊದಲ ಕೆಂಪು ಹೆಚ್ಚಾಗಿ ಚರ್ಮದಲ್ಲೇ ಕಾಣುತ್ತದೆ. ನಿಲ್ಲದ ಭೇದಿ, ಕಣ್ಣು ಹಳದಿಯಾಗುವುದು ಕೂಡ ಅದೇ ಜಾತಿಯವು. ಮುಂದಿನ ಭೇಟಿಯವರೆಗೆ ಕಾಯದೆ ಫೋನ್ ಮಾಡಿ.

ಬಾಲ್ಯದ ಲಸಿಕೆಗಳ ರಕ್ಷಣೆ ಬಹುಪಾಲು ಅಳಿಸಿರುತ್ತದೆ, ಕಸಿ ಮಾಡಿದ ವೈದ್ಯರ ತಂಡದವರು ಕೊಡುವ ಪಟ್ಟಿಯಂತೆ ಮತ್ತೆ ಹಾಕಿಸಿಕೊಳ್ಳಬೇಕು. ದಡಾರದಂಥ ಜೀವಂತ ಲಸಿಕೆಗಳಿಗೆ ಸಾಮಾನ್ಯವಾಗಿ 2 ವರ್ಷವಾದರೂ ಕಾಯಿಸುತ್ತಾರೆ.