ಒತ್ತೋದು ಕಮ್ಮಿ ಮಾಡಿದೆ, ಎಫ್ ಕಾರ್ಡ್ ಬಂತು

ಹೋದ ತಿಂಗಳು ಗಿಟಾರಿನಲ್ಲಿ ಎಫ್ ಕಾರ್ಡಿನ (ಕಾರ್ಡ್ ಅಂದರೆ ಹಲವು ಸ್ವರ ಒಟ್ಟಿಗೆ ನುಡಿಸೋ ಬೆರಳ ಹಿಡಿತ) ಆರೂ ತಂತಿ ಸರಿಯಾಗಿ ನುಡಿದವು. ಒಂದು ಸಲ ಅಲ್ಲ, ಸತತವಾಗಿ ಹತ್ತು ಸಲ. ನಲವತ್ತೊಂದಕ್ಕೆ ಗಿಟಾರ್ ಹಿಡಿದವನಿಗೆ ಇದು ಸಣ್ಣ ವಿಷಯ ಅಲ್ಲ. ಮಂಡ್ಯದ ನಮ್ಮ ಮನೆಯಲ್ಲೇ, ಎಲ್ಲರೆದುರು, "ಬೈಕ್ ಕ್ಲಚ್ ಹಿಡಿದು ಹಿಡಿದು ಗೊಡ್ಡಾದ ಕೈ, ಇನ್ನು ಬಗ್ಗಲ್ಲ ಬಿಡಿ ಭಾವ" ಎಂದು ಬಾಮೈದ ನಕ್ಕಿದ್ದ. ಕ್ಲಾಸಿನ ಮೇಷ್ಟ್ರ ಸಲಹೆ ಒಂದೇ: "ಕೈಗೆ ಶಕ್ತಿ ಬರಬೇಕು, ಇನ್ನೂ ಒತ್ತಿ ಸಾರ್." ಆ ಮಾತನ್ನು ನಂಬಿ ಎಂಟು ತಿಂಗಳು ಕಳೆದುಕೊಂಡೆ.

ತಿಂಗಳಿಗೆ 1,500ರ ಹಾಗೆ ಮೂರು ತಿಂಗಳ ಫೀಸು ಬೇರೆ. ಸೆಕೆಂಡ್ ಹ್ಯಾಂಡ್ ಗಿಟಾರಿಗೆ ಸುಮಾರು 4,500. ಶಕ್ತಿ ಬರಲಿ ಅಂತ 200 ರೂಪಾಯಿಯ ಸ್ಪ್ರಿಂಗ್ ಗ್ರಿಪ್ಪರ್ ತಂದು, ಮೈಸೂರಿಗೆ ಹೋಗುವ ಬೆಳಗಿನ ಟ್ರೈನಿನಲ್ಲಿ ಪಾಂಡವಪುರದಿಂದ ಶ್ರೀರಂಗಪಟ್ಟಣದವರೆಗೆ ಹಿಸುಕುತ್ತಾ ಕೂರುತ್ತಿದ್ದೆ. ಹೆಬ್ಬೆರಳಿನ ಬುಡ ಹಿಡಿದುಕೊಂಡಿತು. ಊಟದ ಡಬ್ಬಿಯ ಮುಚ್ಚಳ ತೆಗೆಯೋಕೂ ಆಗದೆ ಇಪ್ಪತ್ತು ದಿನ ಗಿಟಾರ್ ಮುಟ್ಟಲಿಲ್ಲ. ಬೆರಳ ತುದಿ ಬೇಗ ಜಡ್ಡುಗಟ್ಟಲಿ ಅಂತ ಪಟಿಕದ ನೀರಿನಲ್ಲೂ ಅದ್ದಿದೆ. ಚರ್ಮ ಒಣಗಿ ಬಿರಿಯಿತು, ಅಷ್ಟೇ ಲಾಭ.

ಮೈಸೂರಿನಲ್ಲಿ ನಮ್ಮ ಚಿಕ್ಕಮ್ಮನ ಮನೆ ಪಕ್ಕದಲ್ಲಿ ವೀಣೆ ನುಡಿಸುವ ಒಬ್ಬ ಅಜ್ಜಿ ಇದ್ದಾರೆ. ಎಡಗೈಯ ತೋರುಬೆರಳು, ಮಧ್ಯದ ಬೆರಳುಗಳ ತುದಿಯಲ್ಲಿ ತಂತಿಯ ಗೆರೆ ಕಪ್ಪಗೆ ಕೊರೆದಿದೆ. ಒಂದು ಭಾನುವಾರ ನನ್ನ ಗಿಟಾರ್ ನೋಡಿ, "ತಂತಿ ಒತ್ತುತ್ತಿಲ್ಲಪ್ಪ ನೀನು, ಬಟ್ಟೆ ಹಿಂಡುತ್ತಿದ್ದೀಯ" ಅಂದರು. ಕೈ ನೋಡಿಕೊಂಡೆ. ಹೆಬ್ಬೆರಳಿನ ಉಗುರು ಬೆಳ್ಳಗಾಗಿತ್ತು. ಕ್ಲಚ್ ಹಿಡಿತವೇ ಅದು!

ಅವತ್ತಿನಿಂದ ಉಲ್ಟಾ ಶುರು ಮಾಡಿದೆ. ಬೆರಳನ್ನು ಫ್ರೆಟ್ಟಿನ (ಗಿಟಾರಿನ ಕತ್ತಿನ ಮೇಲಿರೋ ಅಡ್ಡ ಲೋಹದ ಪಟ್ಟಿ) ಹಿಂದೆಯೇ, ತೀರಾ ಹತ್ತಿರ, ತಂತಿಯ ಮೇಲೆ ಸುಮ್ನೆ ಇಡೋದು. ಮೀಟಿದರೆ 'ಟಕ್' ಅನ್ನುತ್ತದೆ. ಕೂದಲೆಳೆಯಷ್ಟು ಒತ್ತಿದರೆ 'ಜರ್ರ್'. ಇನ್ನೊಂದು ಚೂರು ಒತ್ತಿದರೆ ಸ್ವರ ಬಿಡಿಸಿಕೊಂಡು ಬರುತ್ತದೆ. ಅಲ್ಲಿಗೆ ನಿಲ್ಲಿಸಬೇಕು. ನಾನು ಅದರ ಮೂರು ಪಟ್ಟು ಒತ್ತುತ್ತಿದ್ದೆ ಅನಿಸುತ್ತೆ. ಆಮೇಲೆ ಹೆಬ್ಬೆರಳನ್ನು ಪೂರ್ತಿ ಎತ್ತಿಬಿಟ್ಟು ಇದನ್ನೇ ಮಾಡಿದೆ. ಗಿಟಾರನ್ನು ಬಲ ಮೊಣಕೈಯಿಂದ ಮೈಗೆ ಒರಗಿಸಿಕೊಂಡರೆ ಎಡ ತೋಳಿನ ಭಾರವೇ ತಂತಿಯನ್ನು ಎಳೆದುಕೊಳ್ಳುತ್ತದೆ. ಮೊದಲ ವಾರ ಕೆಟ್ಟದಾಗಿ ಕೇಳಿಸಿತು. ಹೆಂಡತಿ ಟಿವಿ ಸೌಂಡ್ ಜಾಸ್ತಿ ಮಾಡಿದಳು.

ಬಾರೆಯನ್ನು, ಅಂದರೆ ತೋರುಬೆರಳೊಂದರಿಂದಲೇ ಆರೂ ತಂತಿಗೆ ಅಡ್ಡ ಒತ್ತೋ ಎಫ್‌ನ ಹಿಡಿತವನ್ನು, ಮೊದಲ ಫ್ರೆಟ್ಟಿನಲ್ಲಿ ಶುರು ಮಾಡೋದು ಸುಮ್ನೆ ಹಿಂಸೆ. ಕತ್ತಿನ ತುದಿಯಲ್ಲಿರೋ ನಟ್ ಅನ್ನೋ ಪಟ್ಟಿ ಪಕ್ಕದಲ್ಲೇ ತಂತಿಯನ್ನು ಎತ್ತಿ ಹಿಡಿದಿರುತ್ತದೆ, ಅಲ್ವಾ? ಅದೇ ಆಕಾರವನ್ನು ಐದನೇ ಫ್ರೆಟ್ಟಿನಲ್ಲಿ ಹಿಡಿದೆ, ಅಲ್ಲಿ ಅದು ಎ ಕಾರ್ಡ್ ಆಗುತ್ತದೆ. ವಾರಕ್ಕೊಂದು ಫ್ರೆಟ್ ಕೆಳಗಿಳಿದೆ. ಎರಡನೆಯದರಲ್ಲಿ ಮಾತ್ರ ಮೂರು ವಾರ ಒದ್ದಾಡಿದೆ. ತೋರುಬೆರಳನ್ನು ಚಪ್ಪಟೆಯಾಗಿ ಇಡದೆ ಹೆಬ್ಬೆರಳ ಕಡೆಯ ಅಂಚಿಗೆ ಸ್ವಲ್ಪ ಹೊರಳಿಸಿದ ಮೇಲೆ ದಾರಿ ಸಿಕ್ಕಿತು. ಸಿ ಕಾರ್ಡಿನಿಂದ ಎಫ್‌ಗೆ ಒಂದೇ ಏಟಿಗೆ ಜಿಗಿಯೋಕೆ ಯಾವ ಬೆರಳು ಮೊದಲು ಹೊರಡಬೇಕು ಅನ್ನೋದು ಮಾತ್ರ ನನ್ನ ಹತ್ರಾನೇ ಇರಲಿ. ಅದನ್ನು ಕಂಡುಕೊಳ್ಳೋಕೆ ಎರಡು ತಿಂಗಳು ಬೇಕಾಯಿತು.

ಗಿಟಾರಿನದ್ದೂ ಅರ್ಧ ತಪ್ಪಿತ್ತು. ತಂತಿ ಅತಿ ಎತ್ತರ ಇದೆಯಾ ಅಂತ ಹನ್ನೆರಡನೇ ಫ್ರೆಟ್ಟಿನಲ್ಲಿ ದಪ್ಪ ತಂತಿಯ ಕೆಳಗೆ ಒಂದು ರೂಪಾಯಿ ನಾಣ್ಯ ತೂರಿಸಿ ನೋಡಿದೆ. ಎರಡು ಸಲೀಸಾಗಿ ಹೋದವು, ಮೂರನೆಯದೂ ಹೋಗೋ ಹಾಗಿತ್ತು. ಸ್ಯಾಡಲ್ (ಗಿಟಾರಿನ ಮೈ ಕಡೆ ತಂತಿಗಳು ಕೂರೋ ಸಣ್ಣ ಪಟ್ಟಿ) ತೆಗೆದು ತಳವನ್ನು ಉಪ್ಪುಕಾಗದದ ಮೇಲೆ ಉಜ್ಜಿದೆ. ಎರಡು ಮಿಲಿಮೀಟರ್ ಉಜ್ಜಿದರೆ ಹನ್ನೆರಡನೇ ಫ್ರೆಟ್ಟಿನಲ್ಲಿ ತಂತಿ ಇಳಿಯೋದು ಒಂದೇ ಮಿಲಿಮೀಟರ್, ಈ ಲೆಕ್ಕ ಗೊತ್ತು. ಆದರೂ ಉತ್ಸಾಹದಲ್ಲಿ ಮೊದಲ ಸ್ಯಾಡಲ್ ಅತಿಯಾಗಿ ಸವೆಸಿಬಿಟ್ಟೆ, ಎಲ್ಲ ತಂತಿಯೂ ಜರ್ರ್. ಇನ್ನೊಂದಕ್ಕೆ ನೂರು ರೂಪಾಯಿ ದಂಡ. ಈಗ ಎರಡು ನಾಣ್ಯ ಬಿಗಿಯಾಗಿ ಹೋಗುತ್ತವೆ. ತಂತಿಯನ್ನೂ ದಪ್ಪಗಿನ ಹನ್ನೆರಡರ ಸೆಟ್ಟಿನಿಂದ ತೆಳುವಾದ ಹತ್ತರ ಸೆಟ್ಟಿಗೆ ಇಳಿಸಿದೆ, 450 ಇರಬೇಕು. ಎಲ್ಲ ಸೇರಿ ಹತ್ತು ಸಾವಿರದ ಹತ್ತಿರ ಬಂದಿದೆ. ಮನೆಯಲ್ಲಿ ಆರು ಅಂತ ಹೇಳಿದ್ದೇನೆ.

ಬಲಗೈ ಬಗ್ಗೆ ಹೇಳೋಕೆ ಜಾಸ್ತಿ ಇಲ್ಲ. ಪಿಕ್ಕಿನ (ತಂತಿ ಮೀಟೋ ಸಣ್ಣ ಬಿಲ್ಲೆ) ತುದಿ ಚೂರೇ ಚೂರು ಹೊರಗಿರಲಿ, ಮಣಿಕಟ್ಟು ಸಡಿಲ ಇರಲಿ.

ಕಿರುಬೆರಳು ಇನ್ನೂ ಹಾರುತ್ತದೆ. ರಬ್ಬರ್ ಬ್ಯಾಂಡಿನಿಂದ ಪಕ್ಕದ ಬೆರಳಿಗೆ ಕಟ್ಟಿ ನೋಡಿದೆ, ತುದಿ ನೀಲಿಗಟ್ಟಿತು, ಬಿಚ್ಚಿದೆ. ಈಗ ರಾತ್ರಿ ಊಟ ಆದ ಮೇಲೆ ಕನ್ನಡಿ ಮುಂದೆ ಕೂತು, ತಾಳ ಹಾಕೋ ಮೆಟ್ರೊನೋಮ್ ನಿಮಿಷಕ್ಕೆ 50 ಏಟಿಗೆ ಇಟ್ಟು, ನಾಲ್ಕು ಬೆರಳನ್ನೂ ಸಾಲಾಗಿ ಒಂದು-ಎರಡು-ಮೂರು-ನಾಲ್ಕು ಬಾರಿಸುತ್ತೇನೆ. ಕಿರುಬೆರಳು ತಂತಿಯಿಂದ ಅರ್ಧ ಇಂಚು ಮೇಲೆದ್ದರೆ ಮತ್ತೆ ಮೊದಲಿಂದ.