ತಲೆಯಲ್ಲಿ ಸೂಜಿ, ಕೈಯಲ್ಲಿ ಚಾಲಿ

ಶಿರಸಿಯಲ್ಲಿ ಲಕ್ವಾ ಹೊಡೆದವರಿಗೆ ಆಕ್ಯುಪಂಕ್ಚರ್ ಶುರು ಮಾಡಿದ ಹೊಸದರಲ್ಲಿ ನಾನು ಮಾಡುತ್ತಿದ್ದದ್ದು ಇಷ್ಟೇ: ಸೂಜಿ ಹಾಕುವುದು, ಅರ್ಧ ಗಂಟೆ ಮಲಗಿಸುವುದು, ಸೂಜಿ ತೆಗೆದು ಮನೆಗೆ ಕಳಿಸುವುದು. "ಹಗುರಾಯ್ತು ಡಾಕ್ಟ್ರೇ" ಅನ್ನುತ್ತಿದ್ದರು. ಕೈ ಮಾತ್ರ ಹಾಗೇ ಜೋತಾಡುತ್ತಿತ್ತು.

ಸಿದ್ದಾಪುರ ಕಡೆಯ ಒಬ್ಬ ಹೆಗಡೇರು ಬಂದ ಮೇಲೆ ನನ್ನ ರೀತಿ ಬದಲಾಯಿತು. ಬಲಗೈ ಬಿದ್ದು ಆರು ವಾರ ಆಗಿತ್ತು. ತಲೆಯ ಆಕ್ಯುಪಂಕ್ಚರಿನಲ್ಲಿ ನೆತ್ತಿಯಿಂದ ಕಣತಲೆಯ ಕಡೆ ಓರೆಯಾಗಿ ಇಳಿಯುವ ಒಂದು ಗೆರೆ ಇದೆ, ಮೇಲಿನ ಐದನೇ ಒಂದು ಭಾಗ ಕಾಲಿಗೆ, ನಡುವಿನ ಎರಡು ಭಾಗ ಕೈಗೆ, ಕೆಳಗಿನ ಎರಡು ಭಾಗ ಮುಖಕ್ಕೆ. ನಾನು ಎಡಬದಿಗೆ ಸೂಜಿ ಹಾಕಿದ್ದು ನೋಡಿ ಅವರ ಹೆಂಡತಿ ಕೇಳಿದರು: "ಬಿದ್ದದ್ದು ಬಲಗೈ, ಎಡಗಡೆ ಎಂತಕ್ಕೆ ಚುಚ್ತ್ರಿ?" ಬಲಗೈ ಆಡಿಸುವುದು ಮಿದುಳಿನ ಎಡ ಅರ್ಧ ಅಲ್ವಾ, ಅದಕ್ಕೆ.

ಹೆಬ್ಬೆರಳು-ತೋರುಬೆರಳಿನ ನಡುವಿನ ಬಿಂದುವಿಗೂ ಸೂಜಿ ಹಾಕಿ ಸಣ್ಣ ಕರೆಂಟ್ ಕೊಟ್ಟೆ. ಬೆರಳು ಕುಣಿಯಿತು. ಹೆಗಡೇರಿಗೆ ಖುಷಿಯೋ ಖುಷಿ. ಕುಣಿಸಿದ್ದು ಕರೆಂಟು, ನೀವಲ್ಲ ಅಂದೆ, ಮುಖ ಸಣ್ಣದಾಯಿತು.

ಸೂಜಿ ಹಾಕಿದಾಗ ಸ್ಕ್ಯಾನಿಂಗ್‌ನಲ್ಲಿ ಮಿದುಳಿನ ಸ್ಪರ್ಶದ ಜಾಗ ಚುರುಕಾಗುವುದು ಕಾಣುತ್ತದೆ ನಿಜ. ಆದರೆ ಸುಮ್ನೆ ಚಿವುಟಿದರೂ ಅದು ಚುರುಕಾಗುತ್ತದೆ. ಲಕ್ವಾದಲ್ಲಿ ಸತ್ತ ಮಿದುಳಿನ ಭಾಗದ ಕೆಲಸವನ್ನು ಅಕ್ಕಪಕ್ಕದ ನರಕೋಶಗಳು ಕಲಿಯಬೇಕಾದರೆ ಆ ಕೆಲಸವನ್ನೇ ನೂರಾರು ಸಲ ಮಾಡಿಸಬೇಕು. ತಲೆಯ ಸೂಜಿಯ ಅನುಕೂಲ ಏನೆಂದರೆ ಅದು ಇರುವಾಗಲೇ ಕೈ ಆಡಿಸಬಹುದು. ಹಾಗಾಗಿ ಅವರನ್ನು ಎಬ್ಬಿಸಿ ಕೂರಿಸಿದೆ, ಒಳ್ಳೆಯ ಕೈ ನಡುವೆ ಬರದಂತೆ ಎಡಗೈಗೆ ಟವೆಲ್ ಸುತ್ತಿದೆ, ಮುಂದೆ ಒಂದು ಹರಿವಾಣ ಅಡಿಕೆ ಇಟ್ಟೆ. ಚಾಲಿ (ಒಣಗಿಸಿ ಸುಲಿದ ಒಳ್ಳೆ ಅಡಿಕೆ) ಒಂದು ಕಡೆ, ಬಿಳೆಗೋಟು (ಕಡಿಮೆ ದರ್ಜೆಯದು) ಇನ್ನೊಂದು ಕಡೆ ಆರಿಸಿ ಹಾಕಬೇಕು. ಮೊದಲ ವಾರ ಅಂಗೈಯಲ್ಲಿ ತಳ್ಳುವುದಷ್ಟೇ ಆಯಿತು, ಅರ್ಧ ಅಡಿಕೆ ನೆಲದ ಪಾಲು. ಮೂರನೇ ವಾರ ಎರಡು ಬೆರಳಲ್ಲಿ ಒಂದು ಅಡಿಕೆ ಎತ್ತಿದರು, ಹೆಂಡತಿ ಕಣ್ಣೊರೆಸಿಕೊಂಡರು.

ನನ್ನದೊಂದು ತಪ್ಪೂ ಆಯಿತು. ರಕ್ತ ತೆಳು ಮಾಡುವ ಮಾತ್ರೆ ತಗೊಳ್ತಿದ್ದಾರಾ ಅಂತ ಕೇಳದೆ ದಪ್ಪ ಸೂಜಿ ಹಾಕಿದ್ದೆ, ಮೊಣಕೈ ಹತ್ತಿರ ನೀಲಿಗಟ್ಟಿತು. ಈಗ ಮೊದಲು ಮಾತ್ರೆಯ ಚೀಟಿ ನೋಡುತ್ತೇನೆ.

ಇದನ್ನೆಲ್ಲ ಸೂಜಿಯ ಲೆಕ್ಕಕ್ಕೆ ಬರೆಯಲು ಧೈರ್ಯ ಇಲ್ಲ. ಮೊದಲ ಮೂರು ತಿಂಗಳು ದೇಹ ತಾನಾಗಿಯೂ ಚೇತರಿಸುತ್ತದೆ. ಹಲವು ಪ್ರಯೋಗಗಳನ್ನು ಒಟ್ಟಿಗೆ ತೂಗಿ ನೋಡುವ ಕಾಕ್ರೇನ್ ವಿಮರ್ಶೆ 2016ರಲ್ಲಿ ಲಕ್ವಾಕ್ಕೆ ಆಕ್ಯುಪಂಕ್ಚರ್ ಕೊಟ್ಟ 31 ಪ್ರಯೋಗ ನೋಡಿ, ಲಾಭ ಇರಬಹುದು, ಆದರೆ ಪ್ರಯೋಗಗಳ ಗುಣಮಟ್ಟ ಸಾಲದು ಅಂದಿತ್ತು. ಹೊಡೆದ ದಿನವೇ ನನ್ನ ಹತ್ತಿರ ಬರುವವರೂ ಇದ್ದಾರೆ, ಅವರನ್ನು ಬೈದೇ ಆಸ್ಪತ್ರೆಗೆ ಕಳಿಸುತ್ತೇನೆ. ಹೆಪ್ಪು ಕರಗಿಸುವ ಇಂಜೆಕ್ಷನ್‌ಗೆ ಇರುವುದು ನಾಲ್ಕೂವರೆ ಗಂಟೆ, ಹುಬ್ಬಳ್ಳಿ ಇಲ್ಲಿಂದ ನೂರು ಕಿಲೋಮೀಟರ್ ದೂರ.

ಹೆಗಡೇರು ಈಗ ಮನೆಯಲ್ಲೇ ಅಡಿಕೆ ಆರಿಸುತ್ತಾರೆ. ಚಾಲಿಯೊಳಗೆ ಬಿಳೆಗೋಟು ಸೇರಿಸ್ತಾರೆ ಅಂತ ಹೆಂಡತಿಯ ದೂರು. ಅದು ಮೊದಲಿಂದಲೂ ಇದ್ದ ಚಾಳಿಯಂತೆ.