ಹರಳು ಸ್ಪಷ್ಟ, ಉಂಗುರ ಮಸುಕು

ನನ್ನ ತಂಗಿ ಬೆಳ್ಳಿಯಲ್ಲಿ ಉಂಗುರ, ಓಲೆ, ಪದಕ ಮಾಡುತ್ತಾಳೆ. ಅವುಗಳ ಫೋಟೊ ತೆಗೆಯುವ ಕೆಲಸ ನನ್ನ ತಲೆಗೆ ಬಂತು. "ನಿನ್ನ ಹತ್ರ ಕ್ಯಾಮೆರಾ ಇದೆಯಲ್ಲ ಅಕ್ಕ" ಅಂದಳು, ಅಷ್ಟೆ. ಕ್ಯಾಮೆರಾ ಇದ್ದದ್ದು ನಿಜ. ಮರ, ಬೆಟ್ಟ, ಮಕ್ಕಳು ಎಲ್ಲ ಚೆನ್ನಾಗಿಯೇ ಬರುತ್ತಿದ್ದವು. ಉಂಗುರ ಮಾತ್ರ ಬರಲಿಲ್ಲ. ಮೊದಲ ದಿನ 60 ಚಿತ್ರ ತೆಗೆದೆ. ಒಂದೂ ನೆಟ್ಟಗಿಲ್ಲ. ಕ್ಯಾಮೆರಾಗೆ ವಯಸ್ಸಾಯಿತು, ಹೊಸದು ಬೇಕು ಅಂತ ತೀರ್ಮಾನಿಸಿಯೂ ಬಿಟ್ಟೆ.

ಅಳಿಸುವ ಮುಂಚೆ ಸುಮ್ನೆ ಒಮ್ಮೆ ಅವನ್ನು ಕಂಪ್ಯೂಟರಿನಲ್ಲಿ ದೊಡ್ಡದು ಮಾಡಿ ನೋಡಿದೆ. ಆಗ ಗೊತ್ತಾಯಿತು, ಮಸುಕು ಅಂದರೆ ಒಂದೇ ಥರದ್ದಲ್ಲ. ಕೆಲವದರಲ್ಲಿ ಉಂಗುರ ಮಸುಕು, ಆದರೆ ಅದರ ಹಿಂದಿನ ಬಟ್ಟೆಯ ನೂಲನ್ನು ಒಂದೊಂದಾಗಿ ಎಣಿಸಬಹುದು. ಕೆಲವದರಲ್ಲಿ ಎಲ್ಲವನ್ನೂ ಒಂದೇ ಕಡೆಗೆ ಎಳೆದ ಹಾಗಿದೆ. ಹೊಳೆಯುವ ಚುಕ್ಕಿ ಚುಕ್ಕಿಯಾಗಿ ಉಳಿದಿಲ್ಲ, ಸಣ್ಣ ಗೆರೆಯಾಗಿದೆ. ಇನ್ನು ಕೆಲವದರಲ್ಲಿ ಹರಳು ಕಣ್ಣಿಗೆ ಹೊಡೆಯುವಷ್ಟು ಸ್ಪಷ್ಟ, ಅದರ ಕೆಳಗಿನ ಬೆಳ್ಳಿ ಪೂರ್ತಿ ಮಂಜು. ಮೂರಕ್ಕೂ ಕಾರಣ ಬೇರೆ, ಮದ್ದೂ ಬೇರೆ. ನಾನು ಮೂರಕ್ಕೂ ಒಂದೇ ಮದ್ದು ಮಾಡುತ್ತಿದ್ದೆ: ಇನ್ನೂ ಹತ್ತಿರ ಹೋಗುವುದು.

ಹತ್ತಿರ ಹೋಗಿದ್ದೇ ಮೊದಲನೆಯ ಮಸುಕಿಗೆ ಕಾರಣ. ಪ್ರತಿ ಲೆನ್ಸಿಗೂ ಒಂದು ಗಡಿ ದೂರ ಇರುತ್ತದೆ. ಅದಕ್ಕಿಂತ ಹತ್ತಿರದ ವಸ್ತುವಿನ ಮೇಲೆ ಅದಕ್ಕೆ ಫೋಕಸ್ ಮಾಡಲು ಆಗುವುದೇ ಇಲ್ಲ. ಆಗ ಹಿಂದಿರುವ ಬಟ್ಟೆಯನ್ನೋ ಗೋಡೆಯನ್ನೋ ಹಿಡಿಯುತ್ತದೆ. ಸಣ್ಣ ಕ್ಯಾಮೆರಾಗಳಲ್ಲಿ ಹೂವಿನ ಗುರುತಿನ ಮ್ಯಾಕ್ರೋ ಮೋಡ್ (ತೀರಾ ಹತ್ತಿರದಿಂದ ತೆಗೆಯಲು) ಇರುತ್ತದಲ್ಲ, ಅದನ್ನು ಹಾಕಿದರೆ ಈ ಗಡಿ ಕೆಲವು ಸೆಂಟಿಮೀಟರಿಗೆ ಇಳಿಯುತ್ತದೆ. ಆದರೆ ಸಾಮಾನ್ಯವಾಗಿ ಝೂಮ್ ಮಾಡದೆ ಇದ್ದಾಗ ಮಾತ್ರ. ಝೂಮ್ ಮಾಡಿದಷ್ಟೂ ಗಡಿ ದೂರ ಸರಿಯುತ್ತದೆ. ಇದು ಗೊತ್ತಿಲ್ಲದೆ ನಾನು ಪೂರ್ತಿ ಝೂಮ್ ಮಾಡಿ, ಮೂಗು ತಾಗುವಷ್ಟು ಹತ್ತಿರ ಹೋಗಿ, ಕ್ಯಾಮೆರಾವನ್ನು ಬೈಯುತ್ತಿದ್ದೆ. ಹಾಗಂತ 3 ಸೆಂಟಿಮೀಟರಿಗೆ ಹೋದರೂ ಕಷ್ಟವೇ. ಲೆನ್ಸಿನ ನೆರಳು ಉಂಗುರದ ಮೇಲೆ ಬೀಳುತ್ತದೆ, ಮುಂದಿನ ಭಾಗ ಉಬ್ಬಿದಂತೆ ಕಾಣುತ್ತದೆ. ಸ್ವಲ್ಪ ಹಿಂದೆ ನಿಂತು ತೆಗೆದು ಆಮೇಲೆ ಕತ್ತರಿಸಿಕೊಳ್ಳುವುದೇ ವಾಸಿ. ಮುಂದೆ ನಾನು 100 ಎಂಎಂ ಮ್ಯಾಕ್ರೋ ಲೆನ್ಸ್ ತಗೊಂಡೆ. ಲೆನ್ಸಿಗೂ ಉಂಗುರಕ್ಕೂ ಮಧ್ಯೆ ಜಾಗ ಸಿಗುವುದೇ ಅದರಿಂದ ಆದ ದೊಡ್ಡ ಅನುಕೂಲ.

ಗೆರೆ ಎಳೆದ ಹಾಗಿರುವ ಮಸುಕು ಅಲುಗಾಟದ್ದು. ಟ್ರೈಪಾಡ್ ಹಾಕಿದೆ, ಆದರೂ ಉಳಿಯಿತು. ನೋಡಿದರೆ, ಬಟನ್ ಒತ್ತುವ ನನ್ನ ಬೆರಳೇ ಕ್ಯಾಮೆರಾವನ್ನು ಅಲುಗಿಸುತ್ತಿತ್ತು. 2 ಸೆಕೆಂಡಿನ ಟೈಮರ್ ಇಟ್ಟ ಮೇಲೆ ಹೋಯಿತು. ಟ್ರೈಪಾಡ್ ಮೇಲಿದ್ದಾಗ ಕೈನಡುಕ ತಗ್ಗಿಸುವ ಲೆನ್ಸಿನ ಸ್ಟೆಬಿಲೈಸೇಶನ್ ಆಫ್ ಮಾಡುತ್ತೇನೆ. ಐಎಸ್‌ಒ (ಬೆಳಕಿಗೆ ಕ್ಯಾಮೆರಾ ಎಷ್ಟು ಸ್ಪಂದಿಸಬೇಕು ಅನ್ನುವ ಅಳತೆ) 100ರಲ್ಲೇ ಇರುತ್ತದೆ. ಶಟರ್ ಅರ್ಧ ಸೆಕೆಂಡ್ ತೆರೆದಿದ್ದರೂ ಚಿಂತೆ ಇಲ್ಲ, ಉಂಗುರ ಎಲ್ಲಿಗೂ ಓಡಿಹೋಗಲ್ಲ. ಹಾಂ, ಆ ಅರ್ಧ ಸೆಕೆಂಡಿನಲ್ಲಿ ಮೇಜಿಗೆ ಒರಗಬಾರದು ಅಷ್ಟೆ. ತಂತಿಯಲ್ಲಿ ನೇತಾಡುವ ಓಲೆಯಾದರೆ ಫ್ಯಾನ್ ಕೂಡ ಆಫ್.

ನನ್ನನ್ನು ತಿಂಗಳುಗಟ್ಟಲೆ ಆಟ ಆಡಿಸಿದ್ದು ಮೂರನೆಯದು. ಇಷ್ಟು ಹತ್ತಿರದಿಂದ ತೆಗೆಯುವಾಗ ಸ್ಪಷ್ಟವಾಗಿ ಬರುವ ಜಾಗದ ಆಳ ತೀರಾ ಕಡಿಮೆ. ನನ್ನ ಕ್ಯಾಮೆರಾದಲ್ಲಿ ಬಿಂಬ ಹಿಡಿಯುವ ಸೆನ್ಸರ್ ಎಪಿಎಸ್-ಸಿ ಅನ್ನುವ ಮಧ್ಯಮ ಅಳತೆಯದು. ವಸ್ತುವಿನ ಬಿಂಬ ಸೆನ್ಸರಿನ ಮೇಲೆ ಅರ್ಧ ಅಳತೆಯಲ್ಲಿ ಬೀಳುವಷ್ಟು ಹತ್ತಿರ ಹೋದರೆ, ಅಪರ್ಚರ್ (ಬೆಳಕು ಒಳಗೆ ಬರುವ ಲೆನ್ಸಿನ ರಂಧ್ರ) ಎಫ್8 ಇದ್ದರೂ ಸ್ಪಷ್ಟ ಬರುವ ಆಳ ಸುಮಾರು 2 ಮಿಲಿಮೀಟರ್. ಪೂರ್ತಿ ಅಳತೆಗೆ ಹೋದರೆ 1 ಮಿಲಿಮೀಟರಿಗಿಂತಲೂ ಕಡಿಮೆ. ಉಂಗುರವೋ, ಮುಂದಿನಿಂದ ಹಿಂದಿನವರೆಗೆ 20 ಮಿಲಿಮೀಟರ್ ಇದೆ. ಹರಳು ಸ್ಪಷ್ಟ, ಉಳಿದದ್ದು ಮಂಜು ಆಗದೆ ಇನ್ನೇನಾಗುತ್ತದೆ?

ಅಪರ್ಚರ್ ಸಣ್ಣದು ಮಾಡಿದರೆ ಆಳ ಹೆಚ್ಚುತ್ತದೆ ಅಂತ ಓದಿ ಒಂದೇ ಸಲ ಎಫ್32ಕ್ಕೆ ಹೋದೆ (ಎಫ್ ಸಂಖ್ಯೆ ದೊಡ್ಡದಾದಷ್ಟೂ ರಂಧ್ರ ಸಣ್ಣದು). ಆಳ ಬಂತು, ಆದರೆ ಚಿತ್ರ ಪೂರ್ತಿ ಮೆತ್ತಗಾಯಿತು. ರಂಧ್ರ ಅಷ್ಟು ಸಣ್ಣದಾದಾಗ ಬೆಳಕು ಅದರ ಅಂಚಿನಲ್ಲಿ ಚದುರುತ್ತದೆ, ಹರಳಿನ ಏಣುಗಳೆಲ್ಲ ಮೊಂಡಾಗುತ್ತವೆ. ನನ್ನ ಲೆನ್ಸಿಗೆ ಎಫ್8ರಿಂದ ಎಫ್11 ಹಿತ. ತೀರಾ ಬೇಕಾದರೆ ಎಫ್16. ಅದರಾಚೆ ಹೋಗಲ್ಲ.

ಹಾಗಾಗಿ ಆ 2 ಮಿಲಿಮೀಟರನ್ನು ಎಲ್ಲಿ ಖರ್ಚು ಮಾಡಬೇಕು ಅನ್ನುವುದೇ ನನ್ನ ನಿಜವಾದ ಕೆಲಸವಾಯಿತು. ಚಪ್ಪಟೆ ಪದಕ ಸುಲಭ. ಅದನ್ನು ಮಲಗಿಸಿ, ಕ್ಯಾಮೆರಾವನ್ನು ಸರಿಯಾಗಿ ನೆತ್ತಿಯ ಮೇಲೆ ನಿಲ್ಲಿಸಿದರೆ ಪದಕವೆಲ್ಲ ಒಂದೇ ದೂರದಲ್ಲಿರುತ್ತದೆ. ಸರಿಯಾಗಿ ನಿಂತಿದೆಯೋ ಇಲ್ಲವೋ ತಿಳಿಯಲು ಪದಕದ ಜಾಗದಲ್ಲಿ ಮೊದಲು ಒಂದು ಪುಟ್ಟ ಕನ್ನಡಿ ಮಲಗಿಸುತ್ತೇನೆ. ಲೆನ್ಸು ತನ್ನ ಮುಖವನ್ನು ತಾನೇ ಸ್ಕ್ರೀನಿನ ನಟ್ಟನಡುವೆ ಕಂಡರೆ ಸರಿ. ಒಂದು ಪಕ್ಕಕ್ಕೆ ಸರಿದಿದ್ದರೆ ಕ್ಯಾಮೆರಾ ಓರೆ ಇದೆ ಅಂತ ಅರ್ಥ. ಯಾವ ಮಟ್ಟಗೋಲೂ ಬೇಡ.

ಉಂಗುರಕ್ಕೆ ಈ ಉಪಾಯ ನಡೆಯಲ್ಲ. ಚೂರು ಮೇಣ ಅಂಟಿಸಿ ನಿಲ್ಲಿಸುತ್ತೇನೆ. ಆಟೋಫೋಕಸ್ ಆಫ್. ಹಿಂದಿನ ಸ್ಕ್ರೀನಿನಲ್ಲಿ ಚಿತ್ರವನ್ನು 10 ಪಟ್ಟು ಹಿಗ್ಗಿಸಿ, ಹರಳನ್ನು ಹಿಡಿದಿರುವ ಮುಂದಿನ ಬೆಳ್ಳಿಯ ಹಲ್ಲಿನಿಂದ ಶುರು. ಫೋಕಸ್ ರಿಂಗನ್ನು ಕೂದಲೆಳೆಯಷ್ಟು ತಿರುಗಿಸುವುದು, ಒಂದು ಚಿತ್ರ, ಮತ್ತೆ ತಿರುಗಿಸುವುದು, ಇನ್ನೊಂದು. ಹೀಗೆ ಹಿಂಬದಿಯ ತನಕ ಸುಮಾರು 15 ಚಿತ್ರ ಆಗುತ್ತವೆ. ಒಂದೊಂದರಿಂದ ಸ್ಪಷ್ಟ ಭಾಗ ಆರಿಸಿ ಸೇರಿಸುವ ಸಾಫ್ಟ್‌ವೇರ್ ಇದೆ. ಇದಕ್ಕೆ ಫೋಕಸ್ ಸ್ಟ್ಯಾಕಿಂಗ್ ಅಂತಾರೆ. ಅಷ್ಟು ತಾಳ್ಮೆ ಇಲ್ಲದ ದಿನ ಮುಂದಿನ ಹಲ್ಲು ಮತ್ತು ಹರಳಿನ ಮುಖ ಎರಡನ್ನು ಮಾತ್ರ ಸ್ಪಷ್ಟ ಮಾಡಿ ಹಿಂದಿನದನ್ನು ಮಂಜಿಗೆ ಬಿಡುತ್ತೇನೆ. ಮುಂದಿನದು ಸ್ಪಷ್ಟವಿದ್ದು ಹಿಂದಿನದು ಮಸುಕಾದರೆ ಕಣ್ಣು ಒಪ್ಪುತ್ತದೆ. ತಿರುಗುಮುರುಗಾದರೆ ಒಪ್ಪಲ್ಲ.

ಇಷ್ಟೆಲ್ಲ ಆದಮೇಲೂ ಒಂದು ನಯವಾದ ಬೆಳ್ಳಿ ಬಳೆ ಮಸುಕಾಗಿಯೇ ಕಾಣುತ್ತಿತ್ತು. ಹಿಗ್ಗಿಸಿ ನೋಡಿದರೆ ಫೋಕಸ್ ಸರಿಯಾಗೇ ಇದೆ! ತಪ್ಪು ಬೆಳಕಿನದು. ಬೆಳ್ಳಿ ಅಂದರೆ ಕನ್ನಡಿ ತಾನೆ. ಮೊದಲ ಚಿತ್ರಗಳಲ್ಲಿ ಅದರ ಮೈಯಲ್ಲಿ ಕೆಂಪು ಅಂಗಿ ತೊಟ್ಟು ಬಗ್ಗಿ ನಿಂತ ನಾನೇ ಇದ್ದೆ. ಅದನ್ನು ತಪ್ಪಿಸಲು ಸುತ್ತಲೂ ಟ್ರೇಸಿಂಗ್ ಪೇಪರಿನ ಗೋಡೆ ಕಟ್ಟಿ, ಆಚೆಯಿಂದ ದೀಪ ಹಾಕಿದೆ. ನಾನು ಮಾಯವಾದೆ, ಜೊತೆಗೆ ಬಳೆಯ ಅಂಚೂ ಮಾಯವಾಯಿತು. ಬಿಳಿ ಹಿನ್ನೆಲೆ, ಬಿಳಿ ಗೋಡೆ, ಬಿಳಿ ಲೋಹ. ಅಂಚು ಕಾಣದಿದ್ದರೆ ಎಂಥ ಫೋಕಸ್ ಇದ್ದರೂ ಮಸುಕೇ. ಎರಡು ಬೆರಳಗಲದ ಕಪ್ಪು ಕಾಗದದ ಪಟ್ಟಿಯನ್ನು ಒಳಗೆ ಪಕ್ಕದಲ್ಲಿ ನಿಲ್ಲಿಸಿದೆ. ಬಳೆಯ ಮೈಮೇಲೆ ಒಂದು ಕಪ್ಪು ಗೆರೆ ಓಡಿತು, ದುಂಡು ಎದ್ದು ಬಂತು. ಪೋಲರೈಸರ್ ಫಿಲ್ಟರನ್ನೂ ತಂದು ನೋಡಿದ್ದೆ. ನೀರು, ಗಾಜಿನ ಮೇಲಿನ ಹೊಳಪನ್ನು ತಗ್ಗಿಸುವ ಹಾಗೆ ಅದು ಲೋಹದ ಹೊಳಪನ್ನು ತಗ್ಗಿಸಲ್ಲ.

ಹರಳಿಗೆ ಇದೇ ಮೆತ್ತನೆಯ ಬೆಳಕು ಹಿಡಿಸಲ್ಲ, ಸತ್ತ ಹಾಗೆ ಕಾಣುತ್ತದೆ. ಕಾಗದದಲ್ಲಿ ಸಣ್ಣ ತೂತು ಮಾಡಿ ಒಂದು ಪುಟ್ಟ ಟಾರ್ಚ್ ಬಿಟ್ಟರೆ ಕಿಡಿ ಏಳುತ್ತದೆ. ಬಣ್ಣದ ವಿಷಯ ಹೆಚ್ಚೇನಿಲ್ಲ: ಕಿಟಕಿ ಬೆಳಕು, ಬಲ್ಬು ಎರಡನ್ನೂ ಬೆರೆಸಬೇಡಿ. ಬೆಳ್ಳಿ ಒಂದು ಕಡೆ ನೀಲಿ, ಇನ್ನೊಂದು ಕಡೆ ಹಳದಿ ಆಗುತ್ತದೆ. ಬಿಳಿ ಹಿನ್ನೆಲೆ ಬೂದು ಬಂದರೆ ಎಕ್ಸ್‌ಪೋಶರ್ ಒಂದು ಸ್ಟಾಪ್, ಅಂದರೆ ಬೆಳಕು ಎರಡು ಪಟ್ಟಾಗುವಷ್ಟು, ಏರಿಸಿ.

ಎಲ್ಲ ಕೈಗೂಡಿದ ದಿನ ತಂಗಿಯನ್ನು ಕರೆದು ತೋರಿಸಿದೆ. ತುಂಬ ಹೊತ್ತು ನೋಡಿದಳು. "ಅಕ್ಕ, ಇದರಲ್ಲಿ ಎಲ್ಲಕ್ಕಿಂತ ಚೆನ್ನಾಗಿ ಬಂದಿರೋದು ನಿನ್ನ ಬೆರಳಚ್ಚು" ಅಂದಳು. ನಿಜ, ಉಂಗುರದ ಪಕ್ಕೆಯಲ್ಲಿ ಸುಳಿ ಸುಳಿಯಾಗಿ ಕಾಣುತ್ತಿತ್ತು. ಒಂದು ಧೂಳಿನ ಎಳೆಯೂ ಇತ್ತು. ಅಂದಿನಿಂದ ಹತ್ತಿ ಕೈಗವಸು, ಧೂಳು ಊದುವ ರಬ್ಬರ್ ಬುರುಡೆ ಮೇಜಿನ ಮೇಲೇ ಇವೆ.

ಒರೆಸಿ, ಊದಿ ಮತ್ತೆ ತೆಗೆದೆ. ಈ ಸಲ ಬೆರಳಚ್ಚಿಲ್ಲ, ಧೂಳಿಲ್ಲ. ಬೆಸುಗೆ ಹಾಕಿದ ಜಾಗದಲ್ಲಿ ಅರ ಉಜ್ಜಿದ ಮೂರು ಗೆರೆ ಮಾತ್ರ ಎದ್ದು ಕಂಡವು. ತಂಗಿ ಏನೂ ಮಾತಾಡದೆ ಮೇಣದಿಂದ ಉಂಗುರ ಕಿತ್ತುಕೊಂಡು ಪಾಲಿಶ್ ಮಾಡಲು ಎದ್ದು ಹೋದಳು.